ಸಾಕ್ಷ್ಯಚಿತ್ರಕಾರನ ಹೊಣೆ

ಇಂಗ್ಲಿಷಿನ ‘ಡಾಕ್ಯುಮೆಂಟರಿ’ ಎಂಬ ಮಾತಿಗೆ ಕನ್ನಡದಲ್ಲಿ ‘ಸಾಕ್ಷ್ಯಚಿತ್ರ’ ಎಂಬ ಹೆಸರು ನೆಲೆಗೊಂಡಿದೆ. 1926ರಲ್ಲಿ ಜಾನ್ ಗ್ರಿಯರ್‌ಸನ್ ಒಂದು ಚಲಚ್ಚಿತ್ರದ ವಿಮರ್ಶೆಯಲ್ಲಿ ಆ ಇಂಗ್ಲಿಷ್ ಮಾತನ್ನು ಬಳಸಿದಾಗ ಅವನು ಸೂಚಿಸಿದ್ದು ದಾಖಲೆಯ ಮೌಲ್ಯವನ್ನು. ನಮ್ಮ ಮಾತು ಅದಕ್ಕಿಂತ ಭಾರವಾದುದು. ಸಾಕ್ಷಿ ಎಂದರೆ ಕಣ್ಣಾರೆ ಕಂಡವನು. ನ್ಯಾಯಸ್ಥಾನದಲ್ಲಿ ಅವನು ಕಂಡದ್ದನ್ನು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಎಲ್ಲಿ ನಿಂತು ಕಂಡೆ, ಎಷ್ಟು ಹೊತ್ತು ಕಂಡೆ, ನಿನಗೂ ಈ ಜನರಿಗೂ ಏನು ಸಂಬಂಧ ಎಂಬ ಪಾಟೀಸವಾಲಿಗೂ ಉತ್ತರ ಕೊಡಬೇಕು. ಕೆಟ್ಟುಹೋದ ನೆಲಜಲಗಳನ್ನೂ ಅವನ್ನು ನಂಬಿ ಬದುಕುವವರ ಸಂಕಟವನ್ನೂ ಚಿತ್ರಿಸಹೊರಟ ಸಾಕ್ಷ್ಯಚಿತ್ರಕಾರನಿಗೂ ಈ ಪಾಟೀಸವಾಲು ತಪ್ಪಿದ್ದಲ್ಲ. ಇದಕ್ಕೆ ಜಪಾನಿನ ನೊರಿಯಾಕಿ ತ್ಸುಚಿಮೊತೊ ಅವರ ಜೀವಿತ ಒಂದು ಒಳ್ಳೆಯ ನಿದರ್ಶನ.

ಜಪಾನಿನ ಕ್ಯೂಷು ದ್ವೀಪದ ಪಶ್ಚಿಮಕ್ಕೆ ಶಿರನುಯಿ ಎಂಬ ಒಳಗಡಲಿದೆ. ಅದರ ದಡದ ಊರು ಮಿನಮಾತ. ಅಲ್ಲಿನ ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸದ ನೆರವಿನಿಂದ ಅಸಿಟಾಲ್ಡಿಹೈಡ್ ಎಂಬ ರಾಸಾಯನಿಕವನ್ನು ತಯಾರಿಸಿತು. ಆ ಕ್ರಿಯೆಯಲ್ಲಿ ಹುಟ್ಟಿದ ಮೀಥೈಲ್ ಪಾದರಸವು ಕೊಳೆನೀರಿನೊಡನೆ ಕಡಲು ಸೇರಿ, ಮೀನು ಚಿಪ್ಪುಗಳ ಮೈಯಲ್ಲಿ ಸಂಚಯಗೊಂಡು, ಅವನ್ನು ತಿಂದವರ ನರಮಂಡಲವನ್ನು ಕೆಡಿಸಿತು. ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. ಬೆಸ್ತರ ಕೈಕಾಲು ನಡುಗಿದವು, ನಾಲಗೆ ತೊದಲಿತು, ದೃಷ್ಟಿಯ ಹರವು ಕುಗ್ಗಿತು. ಕೆಲವು ಶಿಶುಗಳು ಗರ್ಭದಲ್ಲಿಯೇ ವಿಷವುಂಡು ಹುಟ್ಟಿದವು. ರೋಗ ಅಧಿಕೃತವಾಗಿ ಬೆಳಕಿಗೆ ಬಂದುದು 1956ರಲ್ಲಿ. 1959ರಲ್ಲಿ ಕಾರ್ಖಾನೆಯ ವೈದ್ಯನೇ ಕೊಳೆನೀರನ್ನು ಬೆಕ್ಕಿಗೆ ಉಣಿಸಿ, ಅದಕ್ಕೆ ಅದೇ ರೋಗ ತಗುಲಿದುದನ್ನು ಕಂಡ. ಕಂಪನಿ ಆ ಸಂಗತಿಯನ್ನು ಹೊರಗೆಡಹಲಿಲ್ಲ. ಕಾರಣ ಇದೇ ಎಂದು ಸರ್ಕಾರ ಒಪ್ಪಿಕೊಳ್ಳಲು 1968 ಬರಬೇಕಾಯಿತು.

1928ರಲ್ಲಿ ಜನಿಸಿದ ತ್ಸುಚಿಮೊತೊ ಮೊದಲು ಇವಾನಾಮಿ ಸಂಸ್ಥೆಯಲ್ಲಿ ಉದ್ಯಮಗಳ ಪ್ರಚಾರಚಿತ್ರಗಳ ನಡುವೆ ಕೆಲಸ ಕಲಿತವರು. 1965ರಲ್ಲಿ ದೂರದರ್ಶನದ ಒಂದು ಕಾರ್ಯಕ್ರಮಕ್ಕಾಗಿ ಮಿನಮಾತಕ್ಕೆ ಹೋದರು. ಅಲ್ಲಿ ಒಬ್ಬ ತಾಯಿ, ರೋಗಪೀಡಿತವಾದ ತನ್ನ ಮಗುವನ್ನು ಅಪ್ಪಣೆಯಿಲ್ಲದೆ ಚಿತ್ರಿಸಿದರೆಂದು ಅವರನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಳು. ಚಿತ್ರ ತೆಗೆದ ಮಾತ್ರಕ್ಕೆ ರೋಗ ವಾಸಿಯಾಗುವುದುಂಟೆ ಎಂಬುದು ಅವಳ ಆಕ್ಷೇಪದ ತಿರುಳು. ಅದಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಇನ್ನು ಮುಂದೆ ಚಿತ್ರ ತೆಗೆಯಲು ತನಗೆ ಅಧಿಕಾರವಿದೆಯೆ ಎಂಬ ಶಂಕೆಯೇ ಅವರನ್ನು ಕಾಡಿತು.

ಆ ಶಂಕೆಯನ್ನು ಹೊತ್ತುಕೊಂಡೇ ಅವರು 1970ರಲ್ಲಿ ಮಿನಮಾತಕ್ಕೆ ಮರಳಿದರು. ಅದಕ್ಕೆ ಒಂದು ವರ್ಷ ಮೊದಲು 29 ಕುಟುಂಬಗಳು ಕಂಪನಿಯ ಮೇಲೆ ದಾವೆ ಹೂಡಿದ್ದವು. ಈ ಸಲ ತಂಡದವರು ಅಲ್ಲಿಯೇ ತಿಂಗಳುಗಟ್ಟಲೆ ತಂಗಿದರು. ಮನೆಮನೆಗೆ ಹೋಗಿ ಕುಳಿತು, ಮಾತನಾಡಿ, ಅನಂತರ ಕ್ಯಾಮರಾ ತೆರೆದರು. ಚಿತ್ರವನ್ನೂ ಧ್ವನಿಯನ್ನೂ ಒಟ್ಟಿಗೆ ಹಿಡಿಯುವ ಸೌಕರ್ಯ ಬಹುಮಟ್ಟಿಗೆ ಇರಲಿಲ್ಲವಾಗಿ ಮಾತನ್ನು ಬೇರೆಯಾಗಿ ಮುದ್ರಿಸಿಕೊಂಡರು. ಹೀಗೆ 1971ರಲ್ಲಿ ಸಿದ್ಧವಾದುದೇ ‘ಮಿನಮಾತ: ರೋಗಿಗಳು ಮತ್ತು ಅವರ ಲೋಕ’. ಅದರಲ್ಲಿ ಒಬ್ಬ ಮುದುಕ ಮೊಣಕಾಲುದ್ದದ ನೀರಿನಲ್ಲಿ ನಿಂತು ಆಕ್ಟೋಪಸ್ ಹಿಡಿಯುವ ನೋಟವಿದೆ. ಎಂಥ ನೈಪುಣ್ಯ, ಎಂಥ ಸಂತೋಷ! ವಿಷವುಣಿಸಿದ ಕಡಲೇ ಆ ಜನರ ಅನ್ನವೂ ಆಟವೂ ಆಗಿತ್ತು ಎಂಬುದನ್ನು ನ್ಯಾಯಾಲಯದ ಕಡತ ಹೇಳಲಾರದು. ಪರಿಹಾರದ ಮೊತ್ತವೂ ಅಳೆಯಲಾರದು. ಕಳೆದುದು ಎಷ್ಟೆಂದು ತಿಳಿಯಬೇಕಾದರೆ ಇದ್ದುದು ಏನೆಂದು ಮೊದಲು ಕಾಣಬೇಕಷ್ಟೆ. ಚಿತ್ರದ ಕೊನೆಯ ಭಾಗದಲ್ಲಿ ಇದೇ ಜನ ಒಂದೊಂದು ಷೇರು ಕೊಂಡು, ಯಾತ್ರಿಕರ ಬಿಳಿಯ ಉಡುಪು ತೊಟ್ಟು, 1970ರ ನವೆಂಬರಿನಲ್ಲಿ ಓಸಾಕಾದ ಷೇರುದಾರರ ಸಭೆಗೆ ನುಗ್ಗಿ ಕಂಪನಿಯ ಅಧ್ಯಕ್ಷನನ್ನು ಮುಖಾಮುಖಿ ಪ್ರಶ್ನಿಸುತ್ತಾರೆ. ಅಷ್ಟು ಹೊತ್ತಿಗೆ ಅವರು ನಮಗೆ ಕೇವಲ ರೋಗಿಗಳಾಗಿ ಉಳಿದಿರುವುದಿಲ್ಲ.

1973ರ ಮಾರ್ಚಿಯಲ್ಲಿ ಕುಮಾಮೊತೊ ನ್ಯಾಯಾಲಯ ಕಂಪನಿಯನ್ನು ಹೊಣೆಗಾರನೆಂದು ಸಾರಿತು. ಆ ಜಯ ಹೋರಾಡಿದವರದು. ಚಿತ್ರದ್ದೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ತ್ಸುಚಿಮೊತೊ ತಮ್ಮ ಕೆಲಸ ಅಲ್ಲಿಗೆ ಮುಗಿಯಿತೆಂದುಕೊಳ್ಳಲಿಲ್ಲ. ರೋಗದ ಲಕ್ಷಣಗಳನ್ನು ವಿವರಿಸುವ ವೈದ್ಯಕೀಯ ಚಿತ್ರಗಳನ್ನು ಮಾಡಿದರು. ಒಳಗಡಲಿನ ಆಚೆ ದಡದ ಹಳ್ಳಿಗಳಲ್ಲಿ ಅದೇ ಮೀನು ತಿಂದ ಜನ ಮಾನಹಾನಿಗೂ ಮೀನು ಮಾರಾಟ ನಿಂತೀತೆಂಬ ಭಯಕ್ಕೂ ಅಂಜಿ ರೋಗವನ್ನು ಮರೆಮಾಚುತ್ತಿದ್ದರು. 1977ರಲ್ಲಿ ಅವರು ಪ್ರೊಜೆಕ್ಟರ್ ಹೊತ್ತು ಆ ಹಳ್ಳಿಗಳಲ್ಲಿ ತಿರುಗಿ ಚಿತ್ರಗಳನ್ನು ತೋರಿಸಿದರು. ತೆರೆಯ ಮೇಲಿನ ನಡುಗುವ ಕೈಯನ್ನು ಕಂಡು ತನ್ನ ಕೈಯನ್ನು ತಾನು ಗುರುತಿಸಿಕೊಳ್ಳುವುದು ಅಲ್ಲಿಯವರಿಗೆ ಸಾಧ್ಯವಾಯಿತು. ಚಿತ್ರ ತೆಗೆದು ಫಲವೇನು ಎಂಬ ಆ ತಾಯಿಯ ಪ್ರಶ್ನೆಗೆ ಒಬ್ಬ ಚಿತ್ರಕಾರ ಕೊಡಬಹುದಾದ ಉತ್ತರ ಇಷ್ಟೇ ಇರಬೇಕು. ಅದನ್ನು ಕೊಡಲು ಅವರಿಗೆ ಹನ್ನೆರಡು ವರ್ಷ ಹಿಡಿಯಿತು. 2008ರಲ್ಲಿ ತೀರಿಕೊಂಡ ಅವರು ಮಿನಮಾತದ ನಂಟನ್ನು ಕಡೆಯವರೆಗೂ ಬಿಡಲಿಲ್ಲ.

ಆ ಪ್ರಶ್ನೆ ಜಪಾನಿನ ತಾಯಿಯೊಬ್ಬಳದೇ ಅಲ್ಲ. ಆನಂದ ಪಟವರ್ಧನರ ‘ಹಮಾರಾ ಶಹರ್’ ಎಂಬ 1985ರ ಚಿತ್ರ ಮುಂಬಯಿಯ ಕಾಲುದಾರಿ ಮತ್ತು ಗುಡಿಸಲುಗಳಿಂದ ಒಕ್ಕಲೆಬ್ಬಿಸಲ್ಪಟ್ಟವರನ್ನು ಕುರಿತದ್ದು. ಅದರಲ್ಲಿಯೂ ಒಬ್ಬ ಹೆಂಗಸು ಕ್ಯಾಮರಾದ ಕಡೆಗೇ ತಿರುಗಿ, ಬಡವರ ಚಿತ್ರ ತೆಗೆದು ಹೆಸರು ಮಾಡುವಿರಿ, ನಮಗೇನು ಬಂತು ಎಂಬರ್ಥದಲ್ಲಿ ಜರೆಯುತ್ತಾಳೆ. ಪಟವರ್ಧನರು ಆ ಭಾಗವನ್ನು ಕತ್ತರಿಸಿ ಎಸೆಯಬಹುದಾಗಿತ್ತು, ಎಸೆಯಲಿಲ್ಲ. ತನ್ನ ವಿರುದ್ಧದ ದೂರನ್ನೂ ದಾಖಲೆಗೆ ಸೇರಿಸಿದ ಸಾಕ್ಷಿಯ ಮಾತಿಗೆ ಬೆಲೆ ಹೆಚ್ಚು. ಆ ಚಿತ್ರ ದೂರದರ್ಶನದಲ್ಲಿ ಕಾಣಿಸಬೇಕಾದರೆ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಆ ಓಡಾಟವೂ ಈ ವೃತ್ತಿಯ ಭಾಗವೇ.

ಈಗ ಕೈಕೈಯಲ್ಲಿ ಕ್ಯಾಮರಾ ಇದೆ. ಪರರ ದುಃಖವನ್ನು ಹಿಡಿಯುವುದು ಅರೆಗಳಿಗೆಯ ಕೆಲಸವಾಗಿದೆ. ಇಂಥ ಚಿತ್ರವೊಂದನ್ನು ನೋಡುವಾಗ ನಾವು ಅದರ ಬೆಳಕು ಬಣ್ಣಗಳನ್ನು ಮೆಚ್ಚುವುದರ ಜೊತೆಗೆ ಎರಡು ವಿಷಯ ವಿಚಾರಿಸಿಕೊಳ್ಳುವುದು ಒಳ್ಳೆಯದು: ಇದನ್ನು ತೆಗೆದವನು ಆ ಜನರ ನಡುವೆ ಎಷ್ಟು ದಿನವಿದ್ದ? ಚಿತ್ರ ಮುಗಿದ ಮೇಲೆ ಅದನ್ನು ತೆಗೆದುಕೊಂಡು ಅವರಲ್ಲಿಗೆ ಹಿಂತಿರುಗಿದನೆ?