ಮದ್ದನ್ನೇ ಒಲ್ಲೆನೆನ್ನುವ ಗಣಕಯಂತ್ರ

ಬಾಣಾವರದಂತಹ ಊರುಗಳಲ್ಲಿ ಇಂದು ಮದುವೆಯ ಲಗ್ನಪತ್ರಿಕೆಯಾಗಲಿ, ಜಾತ್ರೆಯ ಕರಪತ್ರವಾಗಲಿ, ಲಿಂಗೈಕ್ಯರಾದ ಹಿರಿಯರ ಶಿವಗಣಾರಾಧನೆಯ ಆಹ್ವಾನಪತ್ರಿಕೆಯಾಗಲಿ ಸಿದ್ಧವಾಗುವುದು ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ. ತಂದೆಯ ಭಾವಚಿತ್ರವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋದ ಮಗನು ಅದನ್ನೇ ಮನೆಗೆ ತಂದು ತನ್ನ ಗಣಕಯಂತ್ರಕ್ಕೂ ಹಾಕುತ್ತಾನೆ. ಆ ಅಂಗಡಿಗೆ ಹತ್ತಾರು ಮನೆಗಳ ಪೆನ್‌ಡ್ರೈವುಗಳು ಬಂದುಹೋಗುತ್ತಿರುತ್ತವೆ. ಒಂದರ ರೋಗ ಎಲ್ಲಕ್ಕೂ ಅಂಟಲು ಇಷ್ಟು ಸಾಕು. ವೈರಸ್ ಎಂದು ಕರೆಯಲಾಗುವ ಈ ರೋಗವು ಜೀವಿಯಲ್ಲ. ಕೇಡಿಗೆಂದೇ ಯಾರೋ ಬರೆದ ತಂತ್ರಾಂಶ.

ಯಂತ್ರ ಕೆಟ್ಟವರಿಗೆ ದೊರೆಯುವ ಉಪದೇಶ ಒಂದೇ: “ಒಳ್ಳೆಯ ಆಂಟಿವೈರಸ್ ಹಾಕಿಕೊಳ್ಳಿ.” ಉಪದೇಶವೇನೋ ಸರಿ. ಆದರೆ ರೋಗ ಹತ್ತಿದ ಯಂತ್ರವು ಆ ಮದ್ದನ್ನು ಒಳಗೇ ಬಿಟ್ಟುಕೊಳ್ಳದಿರಬಹುದೆಂದು ತಿಳಿಸುವವರು ವಿರಳ. 2008ರ ನವೆಂಬರಿನಲ್ಲಿ ಕಾಣಿಸಿಕೊಂಡ ‘ಕಾನ್‌ಫಿಕರ್’ ಎಂಬ ಪಿಡುಗು ಜಗತ್ತಿನಾದ್ಯಂತ ಲಕ್ಷಾಂತರ ಯಂತ್ರಗಳನ್ನು ಹೊಕ್ಕಿತು. ಅದು ವಿಂಡೋಸಿನ ನವೀಕರಣವನ್ನು ನಿಲ್ಲಿಸುತ್ತಿತ್ತು. ಆಂಟಿವೈರಸ್ ಕಂಪನಿಗಳ ತಾಣಗಳು ತೆರೆಯದಂತೆ ತಡೆಯುತ್ತಿತ್ತು. ಮಿಕ್ಕ ತಾಣಗಳೆಲ್ಲ ಸಲೀಸಾಗಿ ತೆರೆಯುತ್ತಿದ್ದುದರಿಂದ ಮನೆಯವರಿಗೆ ಅನುಮಾನವೇ ಹುಟ್ಟುತ್ತಿರಲಿಲ್ಲ. ಅದರ ಕರ್ತೃಗಳ ಸುಳಿವು ಕೊಟ್ಟವರಿಗೆ 2,50,000 ಡಾಲರ್ ಬಹುಮಾನವೆಂದು ಮೈಕ್ರೋಸಾಫ್ಟ್ ಕಂಪನಿ 2009ರ ಫೆಬ್ರವರಿಯಲ್ಲಿ ಸಾರಿತೆಂದರೆ ಅದರ ಹಾವಳಿಯನ್ನು ಊಹಿಸಬಹುದು. ಆಂಟಿವೈರಸ್ಸಿನ ಹೆಸರು ಕಂಡೊಡನೆ ಅದನ್ನು ಮುಚ್ಚಿಬಿಡುವ ಪಿಡುಗುಗಳೂ ಉಂಟು. ಅಂತಹ ಕಡೆ ಮದ್ದಿನ ಕಡತಕ್ಕೆ ಬೇರೊಂದು ಹೆಸರಿಟ್ಟು ತೆರೆದರೆ ಕೆಲವೊಮ್ಮೆ ಕೆಲಸ ಸಾಗುವುದು ವಿನೋದವೇ ಸರಿ.

ಆದಕಾರಣ ನಾವು ಹೇಳುವುದಿಷ್ಟು: ರೋಗಿಷ್ಠ ಯಂತ್ರದಿಂದಲೇ ಮದ್ದನ್ನು ತರಿಸಲು ಹೆಣಗಬಾರದು. ಮೊದಲು ಅದರ ಇಂಟರ್‌ನೆಟ್ ಸಂಪರ್ಕವನ್ನು ಕಡಿಯಬೇಕು. ನೆರೆಯವರ ಆರೋಗ್ಯವಂತ ಯಂತ್ರದಲ್ಲಿ, ಹೆಸರಾಂತ ಆಂಟಿವೈರಸ್ ಕಂಪನಿಯೊಂದರ ಸ್ವಂತ ತಾಣದಿಂದ ‘ರೆಸ್ಕ್ಯೂ ಡಿಸ್ಕ್’ ಎಂಬ ಉಚಿತ ಸಾಧನವನ್ನು ಇಳಿಸಿ, ಬರಿದಾದ ಪೆನ್‌ಡ್ರೈವಿಗೋ ಸಿ.ಡಿ.ಗೋ ತುಂಬಿಕೊಳ್ಳಬೇಕು. ಕೆಟ್ಟ ಯಂತ್ರವನ್ನು ಅದರಿಂದಲೇ ಚಾಲೂ ಮಾಡಿದಾಗ ಒಳಗಿನ ವಿಂಡೋಸ್ ಏಳುವುದೇ ಇಲ್ಲ. ಅದರೊಡನೆ ಏಳಬೇಕಾದ ವೈರಸ್ಸೂ ಮಲಗಿರುತ್ತದೆ. ಮಲಗಿದ ಕಳ್ಳನನ್ನು ಹಿಡಿಯುವುದು ಸುಲಭ. ಒಮ್ಮೆ ಬರೆದು ಮುಗಿಸಿದ ಸಿ.ಡಿ.ಗೆ ರೋಗ ಅಂಟಲಾರದು. ಪೆನ್‌ಡ್ರೈವಿಗೆ ಅಂಟಬಹುದಾದ್ದರಿಂದ ಅದನ್ನು ಈ ಕಾರ್ಯಕ್ಕೆಂದೇ ಮೀಸಲಿಡುವುದು ಲೇಸು. ವಿಂಡೋಸ್ 10 ಮತ್ತು 11 ಇರುವ ಯಂತ್ರಗಳಲ್ಲಿ ‘ವಿಂಡೋಸ್ ಸೆಕ್ಯುರಿಟಿ’ಯೊಳಗೆ ಆಫ್‌ಲೈನ್ ಸ್ಕ್ಯಾನ್ ಎಂಬುದು ಮೊದಲೇ ಇದೆ. ಯಂತ್ರ ತಾನಾಗಿ ಆರಿ ಹೊತ್ತಿಕೊಂಡು, ಸುಮಾರು 15 ನಿಮಿಷಗಳಲ್ಲಿ ಇದೇ ಬಗೆಯ ಶೋಧನೆಯನ್ನು ಮಾಡುತ್ತದೆ.

ನಮ್ಮ ಕಡೆ ಬಹಳ ಮನೆಗಳನ್ನು ಕಾಡಿರುವುದು ಇನ್ನೊಂದು ಬಗೆ. ಪೆನ್‌ಡ್ರೈವಿನ ಫೋಲ್ಡರುಗಳೆಲ್ಲ ಮಾಯವಾಗಿ ಅವುಗಳ ಜಾಗದಲ್ಲಿ ‘ಶಾರ್ಟ್‌ಕಟ್’ಗಳು ಕಾಣುತ್ತವೆ. ಗಾಬರಿಯಿಂದ “ಎಲ್ಲಾ ಹೋಯಿತು, ಫಾರ್ಮ್ಯಾಟ್ ಮಾಡಿಬಿಡು” ಎನ್ನುವವರೇ ಹೆಚ್ಚು. ಸಾಮಾನ್ಯವಾಗಿ ಅವು ಹೋಗಿರುವುದಿಲ್ಲ. ವೈರಸ್ ಅವನ್ನು ಅಡಗಿಸಿಟ್ಟಿರುತ್ತದೆ, ಅಷ್ಟೆ. ಆ ಶಾರ್ಟ್‌ಕಟ್‌ಗಳನ್ನು ಒತ್ತದೆ, ಬಲ್ಲವರಿಂದ ಮೊದಲು ಸ್ಕ್ಯಾನ್ ಮಾಡಿಸಿ, ಅನಂತರ ಅಡಗಿದ ಕಡತಗಳನ್ನು ಹೊರತೆಗೆಸಬೇಕು. ಫಾರ್ಮ್ಯಾಟ್ ಮಾಡಿದರೆ ಮಾತ್ರ ತಂದೆಯ ಆ ಭಾವಚಿತ್ರ ಕೈತಪ್ಪಿಹೋದೀತು.

ಓಲೆಗರಿಯ ಕಟ್ಟುಗಳನ್ನು ಹುಳು ತಿನ್ನದಂತೆ ಎಣ್ಣೆ ಸವರಿ ಕಾಪಾಡಿದ ಸಮಾಜ ನಮ್ಮದು. ಎಣ್ಣೆಯೊಂದೇ ಅವನ್ನು ಉಳಿಸಲಿಲ್ಲ. ಒಂದೇ ಕಟ್ಟನ್ನು ಹಲವರು ಪ್ರತಿಮಾಡಿ ಹಲವು ಮಠ-ಮನೆಗಳಲ್ಲಿ ಇರಿಸಿದ್ದರು. ಫ. ಗು. ಹಳಕಟ್ಟಿಯವರು ಅಂತಹ ಕಟ್ಟುಗಳನ್ನು ಅರಸಿ ಕಲೆಹಾಕಿದ್ದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚಾಯಿತು. ಮನೆಯ ಚಿತ್ರಗಳು, ಜಮೀನಿನ ಕಾಗದಗಳು, ದಾಸೋಹದ ಲೆಕ್ಕಗಳು ಇವುಗಳ ಇನ್ನೊಂದು ಪ್ರತಿಯು ಯಂತ್ರಕ್ಕೆ ಸದಾ ತಗುಲಿಸಿರದ ಬೇರೊಂದು ಡಿಸ್ಕಿನಲ್ಲಿ ಇರಲೇಬೇಕು.

ಇಷ್ಟೆಲ್ಲವನ್ನೂ ಅರುವತ್ತು ದಾಟಿದ ಗೃಹಿಣಿಗೆ ಫೋನಿನಲ್ಲಿ ವಿವರಿಸಿ, ಆಕೆಗೆ ತಿಳಿಯದಿದ್ದಾಗ ರೇಗುವುದು ನಮಗೆ ಸರಿಕಾಣುವುದಿಲ್ಲ. ಹೋಗಿ ಪಕ್ಕದಲ್ಲಿ ಕುಳಿತು ಮಾಡಿಕೊಡಬೇಕಾದ ಕೆಲಸವಿದು. ಮಠಗಳ ಪ್ರಸಾದನಿಲಯಗಳಲ್ಲಿದ್ದು ಕಂಪ್ಯೂಟರ್ ಶಿಕ್ಷಣ ಪಡೆಯುತ್ತಿರುವ ಹುಡುಗರು ರಜೆಗೆ ಊರಿಗೆ ಬಂದಾಗ ಕೇರಿಯ ನಾಲ್ಕು ಮನೆಗಳಿಗೆ ಇದನ್ನು ಮಾಡಿಕೊಟ್ಟರೆ ಅದೂ ದಾಸೋಹವೇ. ಬೇಕಾದ ಉಪಕರಣಗಳಿಗೆ ಹಣ ತೆರಬೇಕಾಗಿಯೂ ಇಲ್ಲ. ಕೇಂದ್ರ ಸರ್ಕಾರವು 2017ರ ಫೆಬ್ರವರಿ 21ರಂದು ಆರಂಭಿಸಿದ ‘ಸೈಬರ್ ಸ್ವಚ್ಛತಾ ಕೇಂದ್ರ’ವು ಇಂತಹ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ.

ಆದರೆ ತಾನೇ ಫೋನು ಮಾಡಿ “ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಸರಿಪಡಿಸುತ್ತೇವೆ” ಎನ್ನುವವನು ವೈದ್ಯನಲ್ಲ. ಪರದೆಯ ಮೇಲೆ ದಿಢೀರನೆ ಎದ್ದು ಕೂಗುವ ಎಚ್ಚರಿಕೆಯಲ್ಲಿ ಕೊಟ್ಟ ನಂಬರಿಗೂ ಕರೆ ಮಾಡಕೂಡದು. ಅಂಥವರು ಹೇಳಿದ ತಂತ್ರಾಂಶವನ್ನು ಹಾಕಿಕೊಂಡರೆ ದೂರದಲ್ಲಿ ಕುಳಿತೇ ಯಂತ್ರವನ್ನು ವಶಪಡಿಸಿಕೊಂಡು ಬ್ಯಾಂಕಿನ ಖಾತೆಗೆ ಕೈಹಾಕುತ್ತಾರೆ. ಹಣ ಹೋದುದು ತಿಳಿದ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ ದೂರು ಕೊಡಬೇಕು. ತಡಮಾಡಿದಷ್ಟೂ ಆ ಹಣ ಖಾತೆಯಿಂದ ಖಾತೆಗೆ ದಾಟುತ್ತಾ ಹೋಗುತ್ತದೆ.