ಹಿತ್ತಲ ಕೋಳಿ ಬಾತುಗಳ ಹೊಲಸೂ ಅದರ ನಿರ್ವಹಣೆಯೂ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯಲ್ಲಿ ಹಿತ್ತಲಿನಲ್ಲಿ ಕೋಳಿ ಸಾಕುವ ವಾಡಿಕೆಯು ಬಹು ಹಿಂದಿನದು. ಬಾತುಕೋಳಿಗಾದರೋ ನೀರಿನ ಆಶ್ರಯವು ಬೇಕು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿ, ಮುಂದೆ ಎಡದಂಡೆ ಕಾಲುವೆಯು ಈ ಕಡೆಗೆ ಬಂದ ಮೇಲೆ, ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿರುವ ಪೋತ್ನಾಳದ ಸುತ್ತಮುತ್ತ ಜೋಳ ಹತ್ತಿಗಳ ಎರೆಭೂಮಿಯಲ್ಲಿ ಭತ್ತವು ಬೆಳೆಯಿತು. ಗದ್ದೆಯಿದ್ದಲ್ಲಿ ಬಸವನಹುಳು, ಕಪ್ಪೆಮರಿ, ಉದುರುಕಾಳು, ಅವಿದ್ದಲ್ಲಿ ಬಾತು. ಕೊಯ್ಲು ಮುಗಿದ ಬಳಿಕ ಆಂಧ್ರದ ಕಡೆಯಿಂದ ನೂರಾರು ಬಾತುಗಳ ಹಿಂಡುಗಳನ್ನು ಹೊಡೆದುಕೊಂಡು ಬಂದು ಗದ್ದೆಗಳಲ್ಲಿ ಮೇಯಿಸುವವರನ್ನು ಈ ನೀರಾವರಿ ಸೀಮೆಯವರು ಕಂಡೇ ಇರುವರು. ಅವರಿಂದ ನಾಲ್ಕಾರು ಮರಿಗಳನ್ನು ಕೊಂಡು ಹಿತ್ತಲಿನ ಕೋಳಿಗಳ ಜೊತೆಯಲ್ಲಿಯೇ ಬಿಡುವ ಮನೆಗಳೂ ಉಂಟು. ತೊಂದರೆಯು ಇಲ್ಲಿಂದ ಆರಂಭವಾಗುವುದು.

ಕೋಳಿಯ ಬದುಕು ಒಣ ನೆಲದ್ದು. ಬಾತಿನದು ಒದ್ದೆ ನೆಲದ್ದು. ಇವೆರಡನ್ನೂ ಒಂದೇ ಗೂಡಿನಲ್ಲಿ ಕೂಡಿಟ್ಟರೆ ಬಾತಿಗೆ ಕೇಡಿಲ್ಲ, ಕೋಳಿಗೆ ಉಳಿವಿಲ್ಲ. ಹತ್ತು ಕೋಳಿಗಳೂ ನಾಲ್ಕು ಬಾತುಗಳೂ ಇರುವ ಒಂದು ಹಿತ್ತಲನ್ನು ಭಾವಿಸಿರಿ. ದೊಡ್ಡ ಕೋಳಿಯೊಂದು ದಿನಕ್ಕೆ ಸುಮಾರು 100 ಗ್ರಾಮಿನಷ್ಟು ಹಿಕ್ಕೆ ಹಾಕುವುದು. ಬಾತಿನ ಹಿಕ್ಕೆಯು ಅದಕ್ಕಿಂತ ಹೆಚ್ಚು, ಮತ್ತು ಅದರಲ್ಲಿ ಬಹುಭಾಗ ನೀರೇ. ಅಂತೂ ಈ ಚಿಕ್ಕ ಹಿತ್ತಲಿನಲ್ಲಿ ದಿನವೊಂದಕ್ಕೆ ಒಂದೂವರೆ ಕಿಲೋಗ್ರಾಮಿನಂತೆ ವರ್ಷಕ್ಕೆ ಅರ್ಧ ಟನ್ನಿಗೂ ಮೀರಿದ ಹೊಲಸು ಬೀಳುವುದು. ಇದರ ಮೇಲೆ ಬಾತುಗಳು ಕುಡಿದು ಚೆಲ್ಲುವ ನೀರು. ಮಸಾರಿ ನೆಲವಾದರೆ ಇಂಗಿಹೋಗುವುದು. ಎರೆಯ ನೆಲವಾದರೆ ಅದು ಇಂಗದೆ, ಕಾಲಿಗೆ ಮೆತ್ತುವ ಕಪ್ಪು ಕೆಸರಾಗಿ ನಿಲ್ಲುವುದು. ಮಳೆಗಾಲದ ಎರಡು ತಿಂಗಳಲ್ಲಿ ಇಂಥ ಹಿತ್ತಲು ನಾರುವ ಬಗೆಯನ್ನೂ, ಪಕ್ಕದ ಮನೆಯವರು ಗೋಡೆಯಾಚೆಯಿಂದ ಆಡುವ ಮಾತುಗಳನ್ನೂ ಇಲ್ಲಿ ವರ್ಣಿಸಬೇಕಾದುದಿಲ್ಲ. ಊರ ಹಿರಿಯರ ಮುಂದೆ ಬರುವ ನೆರೆಹೊರೆಯ ವ್ಯಾಜ್ಯಗಳಲ್ಲಿ ಕೋಳಿಯದೂ ಒಂದು ಪಾಲು ಇದ್ದೇ ಇರುವುದು.

ಇದಕ್ಕೆ ಮೊದಲನೆಯ ಉಪಾಯವು ನೀರಿನ ವ್ಯವಸ್ಥೆಯೇ ಹೊರತು ಪೊರಕೆಯಲ್ಲ. ಬಾತಿಗೆ ಈಜುವುದಕ್ಕೆ ಹೊಂಡವು ಅತ್ಯವಶ್ಯಕವೆಂದು ಅನೇಕರು ತಿಳಿದಿರುವರು, ಇದು ಸರಿಯಲ್ಲ. ಕೊಕ್ಕು, ಮೂಗಿನ ಹೊಳ್ಳೆಗಳು ಮತ್ತು ಕಣ್ಣುಗಳನ್ನು ಅದ್ದಿ ತೊಳೆದುಕೊಳ್ಳುವಷ್ಟು, ಅಂದರೆ ಐದಾರು ಅಂಗುಲ ಆಳದ ನೀರು ಸಿಕ್ಕಿದರೆ ಅದು ಆರೋಗ್ಯವಾಗಿರುವುದು. ಅಷ್ಟೂ ಸಿಗದಿದ್ದರೆ ಮಾತ್ರ ಕಣ್ಣು ಪಿಸುರುಗಟ್ಟಿ ಬೇನೆ ಬೀಳುವುದು. ಹಿತ್ತಲಿನ ತಗ್ಗಿನ ಮೂಲೆಯಲ್ಲಿ ಮೂರು ಅಡಿ ಚೌಕ, ಎರಡು ಅಡಿ ಆಳದ ಗುಂಡಿಯನ್ನು ತೋಡಿ, ಕೆಳಗೆ ದಪ್ಪ ಕಲ್ಲು, ಮೇಲೆ ಗರಸು ತುಂಬಿ, ಅದರ ಮೇಲೆ ನೀರಿನ ಬಾನಿಯನ್ನು ಇಡತಕ್ಕದ್ದು. ಚೆಲ್ಲಿದ ನೀರು ಗರಸಿನೊಳಕ್ಕೆ ಇಳಿಯುವುದು. ಎರೆಯ ನೆಲದಲ್ಲಿ ಗುಂಡಿಯೇ ತುಂಬಿ ನಿಲ್ಲುವುದರಿಂದ ಅಲ್ಲಿಂದ ಒಂದು ಸಣ್ಣ ಕಾಲುವೆಯನ್ನು ಬಾಳೆಯ ಅಥವಾ ನಿಂಬೆಯ ಬುಡಕ್ಕೆ ಒಯ್ಯಬೇಕು. ಬಾನಿಯ ನೀರನ್ನು ದಿನಕ್ಕೊಮ್ಮೆ ಬದಲಾಯಿಸುವುದು. ರಾಯಚೂರಿನ ಬೇಸಗೆಯಲ್ಲಿ ಎರಡು ಸಲವಾದರೂ ಬದಲಾಯಿಸಿ, ಬಾನಿಯನ್ನು ಬೇವಿನ ನೆರಳಿಗೆ ಸರಿಸುವುದು. ಕೋಳಿಗಳ ನೀರಿನ ಪಾತ್ರೆಯು ಇದರಿಂದ ದೂರದಲ್ಲಿ, ಬಾತಿಗೆ ಎಟುಕದಂತೆ ಎರಡು ಇಟ್ಟಿಗೆಯ ಎತ್ತರದಲ್ಲಿ ಇರತಕ್ಕದ್ದು.

ಎರಡನೆಯದು ಗೂಡು. ಕೋಳಿಯು ಎತ್ತರದಲ್ಲಿ ಕೋಲಿನ ಮೇಲೆ ಕೂತು ನಿದ್ರಿಸುವುದು. ಬಾತು ನೆಲದ ಮೇಲೆಯೇ ಮಲಗುವುದು. ಒಂದೇ ಗೂಡಿನಲ್ಲಿದ್ದರೆ ಕೋಳಿಯ ಹಿಕ್ಕೆಯೆಲ್ಲ ಬಾತಿನ ಬೆನ್ನ ಮೇಲೆ. ಆದಕಾರಣ ನಡುವೆ ಒಂದು ತಡಿಕೆಯನ್ನಾದರೂ ಹಾಕಿ ಬೇರ್ಪಡಿಸುವುದು ಅವಶ್ಯಕವು. ರಾತ್ರಿಯ ಆಶ್ರಯಕ್ಕಾಗಿ ನಾಟಿಕೋಳಿಯೊಂದಕ್ಕೆ ಒಂದು ಚದರಡಿ, ಬಾತಿಗೆ ಎರಡೂವರೆಯಿಂದ ಮೂರು ಚದರಡಿ ಸ್ಥಳವು ಸಾಕು. ಬಾತುಗಳು ಹೆಚ್ಚಾಗಿ ಬೆಳಗಿನ ಜಾವದಲ್ಲಿಯೇ ಮೊಟ್ಟೆಯಿಡುವುದರಿಂದ ಒಂಬತ್ತು ಗಂಟೆಯವರೆಗೆ ಅವನ್ನು ಹೊರಗೆ ಬಿಡಕೂಡದು. ಬಿಟ್ಟರೆ ಆ ಮೊಟ್ಟೆಯು ಕಾಲುವೆಯ ಪಾಲು.

ಗೂಡನ್ನು ಮನೆಯ ಗೋಡೆಗೆ ಒರಗಿಸಿ ಕಟ್ಟುವ ಪದ್ಧತಿಯು ನಮ್ಮಲ್ಲಿ ಬಹಳವಾಗಿದೆ. ಮಣ್ಣಿನ ಗೋಡೆಯ ಮಾಳಿಗೆ ಮನೆಗಳಲ್ಲಿ ಇದರಂಥ ತಪ್ಪು ಬೇರೊಂದಿಲ್ಲ. ಕೋಳಿಯ ಉಣ್ಣೆಯು ಹಗಲೆಲ್ಲ ಗೋಡೆಯ ಬಿರುಕುಗಳಲ್ಲಿ ಅಡಗಿದ್ದು, ರಾತ್ರಿ ಹೊರಬಂದು ರಕ್ತ ಹೀರಿ, ಬೆಳಗಾಗುವುದರೊಳಗೆ ಮತ್ತೆ ಬಿರುಕು ಸೇರುವುದು. ಹಗಲಿನಲ್ಲಿ ಕೋಳಿಯ ಮೈ ನೋಡಿದರೆ ಏನೂ ಕಾಣದು. ಕೋಳಿಯು ಮಾತ್ರ ಜುಟ್ಟು ಬಿಳಿಚಿ, ತೂಗುತ್ತ ಕೂರುವುದು. ಈ ಉಣ್ಣೆಯು ರಕ್ತ ಹೀರುವುದಲ್ಲದೆ ಪ್ರಾಣಾಂತಿಕವಾದ ಜ್ವರವನ್ನೂ ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹಬ್ಬಿಸುವುದು. ಬೆಳೆದ ಉಣ್ಣೆಯು ಆಹಾರವಿಲ್ಲದೆ ಎರಡು ವರ್ಷಗಳಿಗೂ ಮೀರಿ ಬದುಕಬಲ್ಲುದು. ಕೋಳಿಗಳನ್ನು ಮಾರಿ ಗೂಡನ್ನು ಒಂದು ವರ್ಷ ಖಾಲಿ ಬಿಟ್ಟೆವು, ಆದರೂ ಹೊಸ ಕೋಳಿ ನಿಲ್ಲಲಿಲ್ಲ ಎಂದು ಕೊರಗುವವರು ಇದನ್ನು ಲಕ್ಷ್ಯಕ್ಕೆ ತರಬೇಕು. ಗೂಡು ಗೋಡೆಯಿಂದ ದೂರವಾಗಿ ನಾಲ್ಕು ಕಾಲುಗಳ ಮೇಲೆ ನಿಲ್ಲಲಿ. ಪ್ರತಿಯೊಂದು ಕಾಲನ್ನೂ ಸೀಮೆಯೆಣ್ಣೆ ಬೆರೆಸಿದ ನೀರಿನ ಬಟ್ಟಲಿನಲ್ಲಿ ಇಡಬೇಕು. ಹಳೆಯ ಗೂಡಾದರೆ ಬಿರುಕುಗಳಿಗೆ ಕುದಿಯುವ ನೀರು ಹೊಯ್ದು, ಮಣ್ಣು ಮೆತ್ತಿ ಸುಣ್ಣ ಬಳಿಯಬೇಕು. ಹೇನಿನ ಉಪದ್ರವಕ್ಕಾದರೆ ಇಷ್ಟು ಕಷ್ಟವಿಲ್ಲ. ಒಂದು ಮೂಲೆಯಲ್ಲಿ ಒಲೆಯ ಬೂದಿಯೂ ಒಣ ಮಣ್ಣೂ ಬೆರೆಸಿ ಇಟ್ಟರೆ ಕೋಳಿಯು ತಾನೇ ಅದರಲ್ಲಿ ಹೊರಳಿ ಮೈ ಶುದ್ಧಿ ಮಾಡಿಕೊಳ್ಳುವುದು.

ಗೂಡಿನ ನೆಲಕ್ಕೆ ಹಾಸಲು ಭತ್ತದ ಹೊಟ್ಟಿಗಿಂತ ಉತ್ತಮವಾದದ್ದಿಲ್ಲ. ಅಕ್ಕಿ ಗಿರಣಿಗಳಿರುವ ಈ ಪ್ರಾಂತ್ಯದಲ್ಲಿ ಅದಕ್ಕೆ ಕೊರತೆಯಿಲ್ಲ. ನಾಲ್ಕರಿಂದ ಆರು ಅಂಗುಲ ದಪ್ಪ ಹರಡಿ, ವಾರಕ್ಕೆರಡು ಸಲ ಕುಂಟಾಣಿಯಿಂದ ಮೇಲುಕೆಳಗು ಮಾಡಿದರೆ ಹಿಕ್ಕೆಯು ಹೊಟ್ಟಿನಲ್ಲಿ ಕಲೆತು ಒಣಗಿ, ವಾಸನೆಯು ಅಡಗುವುದು. ಹದವನ್ನು ತಿಳಿಯುವುದಕ್ಕೆ ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಹಿಚುಕಿ ನೋಡಬೇಕು. ಉಂಡೆಯಾಗಿ ನಿಂತರೆ ತೇವ ಹೆಚ್ಚಾಯಿತು. ಧೂಳಾಗಿ ಹಾರಿದರೆ ಕಡಿಮೆಯಾಯಿತು. ಕೈ ಬಿಚ್ಚಿದೊಡನೆ ಮೆಲ್ಲಗೆ ಕುಸಿದರೆ ಹದವು ಸರಿಯಾಗಿದೆ. ಗೂಡಿನ ಬಾಗಿಲು ತೆರೆದಾಗ ಕಣ್ಣು ಉರಿದರೆ ಅದು ಅಮೋನಿಯಾ ಎಂಬ ಅನಿಲದ ಗುರುತು. ನಮ್ಮ ಕಣ್ಣು ಕ್ಷಣಮಾತ್ರ ಉರಿಯುವಲ್ಲಿ ಹಕ್ಕಿಯು ರಾತ್ರಿಯಿಡೀ ಉಸಿರಾಡಬೇಕಾಗಿದೆಯಷ್ಟೆ! ತೇವವಿದ್ದಲ್ಲಿ ಮರಿಗಳಿಗೆ ರಕ್ತಭೇದಿಯೂ ತಪ್ಪದು. ಆ ರೋಗದ ಅಂಕುರಗಳು ಒದ್ದೆಯೂ ಬೆಚ್ಚನೆಯೂ ಆದ ಹೊಲಸಿನಲ್ಲಿ ಒಂದೆರಡು ದಿನಗಳಲ್ಲೇ ಬಲಿಯುವುವು. ಬಾತಿನ ಕಡೆಯ ಹಾಸು ಬೇಗ ನೆನೆಯುವುದರಿಂದ ಅಲ್ಲಿ ಭತ್ತದ ಹುಲ್ಲು ಹಾಕಿ, ಎರಡು ಮೂರು ದಿನಕ್ಕೊಮ್ಮೆ ತೆಗೆದು ತಿಪ್ಪೆಗೆ ಸೇರಿಸುವುದೇ ಲೇಸು.

ಹೊಲಸೆಂದು ಕರೆದ ಈ ವಸ್ತುವಿನ ಬೆಲೆಯನ್ನೂ ಹೇಳಬೇಕು. ಹೀಗೆ ವರ್ಷ ತುಂಬಿದ ಕೋಳಿಹಾಸಿನಲ್ಲಿ ನೂರಕ್ಕೆ ಸುಮಾರು 3 ಪಾಲು ಸಾರಜನಕವೂ, 2 ಪಾಲು ರಂಜಕಾಂಶವೂ, 2 ಪಾಲು ಪೊಟ್ಯಾಷೂ ಇರುವುವು. ದನದ ಕೊಟ್ಟಿಗೆ ಗೊಬ್ಬರಕ್ಕಿಂತ ಇದು ಎಷ್ಟೋ ಮಡಿ ಸಾರವುಳ್ಳದ್ದು. ಸುಮಾರು 40 ಕೋಳಿಗಳಿಂದ ವರ್ಷಕ್ಕೆ ಒಂದು ಟನ್ನು ಇಂಥ ಗೊಬ್ಬರವು ದೊರೆಯುವುದೆಂದು ಲೆಕ್ಕ. ಹಸಿಯಾಗಿಯೇ ಗಿಡಕ್ಕೆ ಹಾಕಿದರೆ ಬೇರು ಸುಟ್ಟುಹೋಗುವುದು. ತಿಪ್ಪೆಯಲ್ಲಿ ಕಸಕಡ್ಡಿಯೊಡನೆ ಕೊಳೆಸಿ, ಮೇಲೆ ಮಣ್ಣು ಮುಚ್ಚಿ, ಮೂರು ತಿಂಗಳ ನಂತರ ಹೊಲಕ್ಕೆ ಒಯ್ಯಬೇಕು. ತಿಪ್ಪೆಯು ಬಾವಿಗೂ ಕೊಳವೆ ಬಾವಿಗೂ ದೂರವಿರಲಿ. ಮಕ್ಕಳು ಮರಿಗಳನ್ನು ಎತ್ತಿ ಆಡಿಸಿದ ಕೈಯಲ್ಲಿ ರೊಟ್ಟಿ ತಿನ್ನದಂತೆ ತಾಯಂದಿರು ನೋಡಿಕೊಳ್ಳತಕ್ಕದ್ದು. ಕೋಳಿ ಬಾತುಗಳ ಹಿಕ್ಕೆಯಿಂದ ಮನುಷ್ಯರಿಗೂ ವಾಂತಿಭೇದಿಯು ಬರುವುದುಂಟು.

ಮೇವಿನ ವಿಷಯವಾಗಿ ಎರಡೇ ಮಾತು. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ಬಾತಿಗೆ ಎಂದಿಗೂ ಹಾಕಕೂಡದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮೀರಿ ಟರ್ಕಿಕೋಳಿಗಳು ಕಾರಣ ತಿಳಿಯದೆ ಸತ್ತಾಗ ಶೋಧಿಸಿ ನೋಡಲಾಗಿ, ಬೂಷ್ಟಿನ ಶೇಂಗಾ ಹಿಂಡಿಯಲ್ಲಿನ ಅಫ್ಲಟಾಕ್ಸಿನ್ ಎಂಬ ವಿಷವೇ ಕಾರಣವೆಂದು ಗೊತ್ತಾಯಿತು. ಆ ವಿಷಕ್ಕೆ ಬಾತಿನ ಮರಿಯಷ್ಟು ಬೇಗ ಬಲಿಯಾಗುವ ಹಕ್ಕಿ ಮತ್ತೊಂದು ಕಾಣದು. ಹಾಗೆಯೇ ಔಷಧ ಸಿಂಪಡಿಸಿದ ಅಥವಾ ಹರಳು ಔಷಧ ಎರಚಿದ ಗದ್ದೆಗೆ ಬಾತುಗಳನ್ನು ಇಳಿಸಬಾರದು.

ಈಗ ಗ್ರಾಮದ ಹಿರಿಯರೂ ಭೂಮಾಲೀಕರೂ ವಿಶೇಷವಾಗಿ ಗಮನಿಸಬೇಕಾದ ವಿಷಯಕ್ಕೆ ಬರೋಣ. ಮೊಟ್ಟೆಯ ಕಾಸು ಹೆಂಗಸರದು. ಕೋಳಿಯೂ ಅವರದೇ ಕೆಲಸವೆಂದು ಗಂಡಸರು ಉದಾಸೀನರಾಗಿರುವರು. ಕೂಲಿಯಿಲ್ಲದ ತಿಂಗಳುಗಳಲ್ಲಿ ಉಪ್ಪು, ಎಣ್ಣೆ, ಮಗುವಿನ ಪಾಟಿ ಪುಸ್ತಕಗಳು ಆ ಕಾಸಿನಿಂದಲೇ ಬರುವುವೆಂಬುದನ್ನು ವಿಚಾರಿಸಿ ನೋಡಿದವರೇ ಬಲ್ಲರು. ಬೇಸಗೆಯಲ್ಲಿ ಕೊಕ್ಕರೆ ರೋಗವು ಹೊಕ್ಕಿತೆಂದರೆ ವಾರದೊಳಗೆ ಒಂದು ಓಣಿಯ ಗೂಡುಗಳೆಲ್ಲ ಬರಿದಾಗುವುವು. ಹಸಿರು ಬಿಳುಪಿನ ಭೇದಿ, ಬಾಯಿ ತೆರೆದು ಉಸಿರೆಳೆಯುವುದು, ಕತ್ತು ತಿರುಚುವುದು, ಕಾಲು ಬೀಳುವುದು ಇದರ ಲಕ್ಷಣಗಳು. ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ 1927ರಲ್ಲಿ ಕಂಡುಬಂದುದರಿಂದ ಇದಕ್ಕೆ ರಾಣಿಖೇತ ರೋಗವೆಂಬ ಹೆಸರಾಯಿತು. ಬಾತುಗಳು ಇದರಿಂದ ಸಾಮಾನ್ಯವಾಗಿ ಬೇನೆ ಬೀಳವು. ಆದರೆ ತಾವು ಸುಖವಾಗಿದ್ದುಕೊಂಡೇ ರೋಗವನ್ನು ಹೊತ್ತು ತಿರುಗಬಲ್ಲುವು. ಇವುಗಳನ್ನು ಬೇರೆಯಾಗಿಡಬೇಕೆಂಬುದಕ್ಕೆ ಇದೂ ಒಂದು ಕಾರಣ.

ರೋಗ ಬಂದ ಮೇಲೆ ಔಷಧವಿಲ್ಲ. ಬರುವ ಮೊದಲು ಲಸಿಕೆಯುಂಟು. ಮರಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟು ಹತ್ತು ವಾರಗಳಾದಾಗ ರೆಕ್ಕೆಯ ಕೆಳಗೆ ಚರ್ಮದಡಿಯಲ್ಲಿ ಒಂದು ಸೂಜಿಮದ್ದು. ಈ ಎರಡನೆಯದನ್ನು ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದಲ್ಲಿ 1940ರ ದಶಕದಲ್ಲಿ ಸಿದ್ಧಪಡಿಸಿದರು. ಇಷ್ಟು ಸುಲಭವಾದುದು ಹಳ್ಳಿಯನ್ನು ಮುಟ್ಟದಿರುವುದೇಕೆ? ಲಸಿಕೆಯ ಒಂದು ಶೀಷೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಹಕ್ಕಿಗಳಿಗೆ ಆಗುವಷ್ಟು ಇರುವುದು. ಅದನ್ನು ಮಂಜುಗಡ್ಡೆಯಲ್ಲಿಟ್ಟೇ ತರಬೇಕು. ಕಲಸಿದ ಮೇಲೆ ಎರಡು ಗಂಟೆಗಳೊಳಗೆ ಮುಗಿಸಬೇಕು. ಹತ್ತು ಕೋಳಿಯ ಒಬ್ಬ ಹೆಣ್ಣುಮಗಳು ಇದನ್ನು ಹೇಗೆ ತಂದಾಳು? ಓಣಿಯ ಇಪ್ಪತ್ತು ಮನೆಗಳು ಕೂಡಿದರೆ ಮಾತ್ರ ಸಾಧ್ಯ, ಕೂಡಿಸುವವರು ಹಿರಿಯರು.

ಇನ್ನೊಂದು ಅನರ್ಥವಿದೆ. ನಾಲ್ಕು ಕೋಳಿ ಸತ್ತವೆಂದೊಡನೆ ಉಳಿದವನ್ನು ಬುಟ್ಟಿಗೆ ತುಂಬಿ ಸಂತೆಗೆ ಒಯ್ದು ಮಾರುವುದು, ಸತ್ತವನ್ನು ಕಾಲುವೆಗೆ ಎಸೆಯುವುದು. ಬಡತನದಲ್ಲಿ ಹೀಗೆ ಮಾಡುವವರನ್ನು ನಿಂದಿಸಿ ಫಲವಿಲ್ಲ. ಆದರೂ ಒಂದು ಊರಿನ ರೋಗವು ಹತ್ತು ಊರಿಗೆ ಹೋಗುವ ದಾರಿ ಇದೇ. ಸತ್ತ ಹಕ್ಕಿಯನ್ನು ಮೂರಡಿ ಆಳದಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು. ಸಂತೆಯಿಂದ ತಂದ ಕೋಳಿಯನ್ನು ಹದಿನೈದು ದಿನ ಬೇರೆಯಾಗಿ ಕಟ್ಟಿಯೇ ಹಿಂಡಿಗೆ ಬಿಡತಕ್ಕದ್ದು. ಹಕ್ಕಿಜ್ವರವು ಮನುಷ್ಯರಿಗೂ ತಗಲಬಲ್ಲುದು. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿಯೂ, 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿಯೂ ಅದು ಕಾಣಿಸಿಕೊಂಡಿತು. ಆದುದರಿಂದ ಕೋಳಿಗಳು ಒಮ್ಮೆಲೇ ಹಲವಾರು ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಕೊಯ್ದು ತಿನ್ನದೆ, ಅದೇ ದಿನ ಪಶುವೈದ್ಯರಿಗೆ ತಿಳಿಸಬೇಕು.

ಲಸಿಕೆಗೆ ತಕ್ಕ ಕಾಲವು ಬಿಸಿಲು ಏರುವುದಕ್ಕೆ ಮುಂಚೆ, ಫೆಬ್ರವರಿ ತಿಂಗಳು. ಅದಕ್ಕೆ ಒಂದು ವಾರ ಮೊದಲು ಜಂತುಹುಳುವಿನ ಔಷಧವನ್ನು ಕೊಡಿಸಿರಬೇಕು. ಹಿಂದಿನ ಸಂಜೆ ಓಣಿಯಲ್ಲಿ ಡಂಗುರ ಹೊಡೆಸಿ, ಬೆಳಿಗ್ಗೆ ಗೂಡುಗಳನ್ನು ತೆರೆಯದಂತೆ ತಿಳಿಸುವುದು. ಕೋಳಿಗಳು ಒಮ್ಮೆ ಹೊರಬಿದ್ದರೆ ಊರೇ ಅಟ್ಟಿದರೂ ಹಿಡಿಯುವುದು ಕಷ್ಟ. ಆರು ಗಂಟೆಗೆ ಆರಂಭಿಸಿದರೆ ಎಂಟರೊಳಗೆ ನೂರು ಹಕ್ಕಿಗಳ ಕೆಲಸವು ಮುಗಿಯುವುದು.