ಆಯಿಯ ಲೆಕ್ಕದ ಹುಟ್ಟುಹಬ್ಬ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಿರಿಯರ ಶಾಲಾ ದಾಖಲೆ ನೋಡಿದರೆ ಊರಿಗೆ ಊರೇ ಜೂನ್ 1ರಂದು ಹುಟ್ಟಿದೆಯೇನೋ ಎನ್ನಿಸುತ್ತದೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ. ಮಗುವನ್ನು ಸೇರಿಸಲು ಬಂದವರಿಗೆ ತಾರೀಖು ಹೇಳಲು ಬರುತ್ತಿರಲಿಲ್ಲ. ಹೆಡ್ ಮಾಸ್ತರರು ಹುಡುಗನ ಎತ್ತರ ನೋಡಿ, ಆರು ವರ್ಷ ಹಿಂದಕ್ಕೆ ಎಣಿಸಿ, ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು.

ಹಾಗೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಆಯಿಗೆ ಗೊತ್ತಿರುತ್ತಿತ್ತು. ಅವಳ ಲೆಕ್ಕದ ರೀತಿ ಮಾತ್ರ ಬೇರೆ. 'ಹಿರ್ಯಾಂವ ರಜಾಕಾರರ ಗದ್ದಲದಾಗ ಹುಟ್ಟ್ಯಾನ' ಎಂದರೆ 1948ರ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಗೆ ತುಸು ಮುಂಚೆ. 'ಬರದ ವರ್ಷದ ಕೂಸು' ಎಂದರೆ 1972. ನಾರಾಯಣಪುರ ಜಲಾಶಯದ ನೀರು ಕಾಲುವೆಗೆ ಬಂದದ್ದು ಇನ್ನೊಂದು ಗುರುತು. ವರ್ಷ ಸಿಕ್ಕಿತು, ದಿನ? ಎಳ್ಳಮಾಸಿ ಚರಗ ಚೆಲ್ಲಿದ ಮೂರನೆಯ ದಿನ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಹೋದವರು ತಿರುಗಿ ಬಂದ ರಾತ್ರಿ. ತಿಂಥಣಿ ಮೌನಪ್ಪನ ಜಾತ್ರೆಯ ಹಿಂದಿನ ವಾರ. ಪಂಚಾಂಗ ಹಿಡಿದು ಕುಳಿತರೆ ಇವುಗಳಿಂದ ತಾರೀಖು ತೆಗೆಯುವುದು ಕಷ್ಟವೇನಲ್ಲ. ಇದು ನಿಜಾಮರ ಸೀಮೆಯಾಗಿದ್ದರಿಂದ ಕೆಲವರ ಮನೆಯ ಉರ್ದು ಕಾಗದಗಳಲ್ಲಿ ಫಸಲಿ ಸನ್ ಸಿಗುತ್ತದೆ. ಅದಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಬಂದಂತೆ.

ಗಳಿಗೆಗೆ ಗಳಿಗೆ ಬರೆದಿಡುವುದು ಅರಮನೆಗೆ, ಜಾತಕ ಬರೆಸುವ ಮನೆತನಗಳಿಗೆ ಸೇರಿದ ಮಾತಾಗಿತ್ತು. ಆ ಬರಹವೂ ನೆಮ್ಮದಿ ತಂದಿತೆಂದು ಹೇಳುವಂತಿಲ್ಲ. ಸುರಪುರದ ದೊರೆ ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ದೊರೆ 24ನೆಯ ವಯಸ್ಸಿನಲ್ಲಿ ತೀರಿಕೊಳ್ಳುತ್ತಾನೆಂದು ಅವನ ಜಾತಕ ಹೇಳಿತ್ತೆಂದೂ, ಆ ಗುಟ್ಟು ತನಗೆ ತಿಳಿದಿತ್ತೆಂದೂ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಬ್ರಿಟಿಷರ ವಿರುದ್ಧ ಎದ್ದ ದೊರೆ 1858ರಲ್ಲಿ ಅವರ ಸೆರೆಯಲ್ಲಿದ್ದಾಗಲೇ ಗುಂಡೇಟಿನಿಂದ ಸತ್ತ. ಜಾತಕ ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಸಾಕಿದ ಹುಡುಗನ ವಯಸ್ಸನ್ನು ವರ್ಷವರ್ಷವೂ ಎಣಿಸುತ್ತ ಕೂರುವ ಹಿರಿಯನ ಸಂಕಟ ಯಾರಿಗೂ ಬೇಡ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿದಾಗ ನೆನಪಾಗಬೇಕಾದದ್ದು ಇದೂ ಹೌದು.

ಉಳಿದವರ ಮನೆಗಳಲ್ಲಿ ವರ್ಷಕ್ಕೊಮ್ಮೆ ಹುಟ್ಟುಹಬ್ಬ ಮಾಡುವ ರೂಢಿ ಇರಲಿಲ್ಲ. ಸಂಭ್ರಮವೆಲ್ಲ ಮೊದಲ ದಿನಗಳಿಗೇ ಮೀಸಲು. ಐದನೆಯ ರಾತ್ರಿ ಶೆಟವಿ ತಾಯಿ ಹಣೆಬರಹ ಬರೆಯಲು ಬರುತ್ತಾಳೆಂದು ದೀಪ ಉರಿಸಿಡುವುದು, ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕಿವಿಯಲ್ಲಿ 'ಕುರ್‍' ಎಂದು ಹೆಸರು ಹೇಳುವುದು, ಕೂಡಲೇ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು, ಆಮೇಲೆ ಸೋದರಮಾವನ ತೊಡೆಯ ಮೇಲೆ ಜವಳ. ಹೆಸರಂತೂ ಬಹಳ ಸಲ ತೀರಿಹೋದ ಮುತ್ಯಾನದೇ. ಹೀಗಾಗಿ ಸೊಸೆಗೆ ಪೇಚಾಟ: ಮಾವನ ಹೆಸರನ್ನು ಬಾಯಿಬಿಟ್ಟು ಕರೆಯುವುದು ಹೇಗೆ? ತಪ್ಪು ಮಾಡಿದ ಮಗನನ್ನು ಬಯ್ಯುವಾಗಲೂ 'ಯಪ್ಪಾ' ಎಂದೇ ಬಯ್ಯಬೇಕು!

ಮತ್ತೆ ಕೌದಿ. ಆಯಿ ತನ್ನ ಹಳೆಯ ಸೀರೆ, ಮುತ್ಯಾನ ಧೋತರ, ಮಗಳ ಲಂಗ ಇವನ್ನೆಲ್ಲ ತುಂಡು ಮಾಡಿ ಕೂಸಿಗೆ ಹೊಲಿದ ಸಣ್ಣ ಕೌದಿಯನ್ನು ಬೆಳಕಿಗೆ ಹಿಡಿದರೆ ಮನೆತನದ ಮೂರು ತಲೆಮಾರು ಕಾಣುತ್ತದೆ. ಹೊಸ ಅರಿವೆಗಿಂತ ಮೆತ್ತಗೆ, ಕೂಸಿನ ಮೈಗೆ ಹಿತ.

ಈಗ ಬಸ್‌ಸ್ಟ್ಯಾಂಡ್ ಹತ್ತಿರದ ಬೇಕರಿಯಿಂದ ಕೇಕು ಬರುತ್ತದೆ. ಹಳೆಯ ತಲೆಗಳಿಗೆ ಕೇಕಿನ ಬಗ್ಗೆ ತಕರಾರಿಲ್ಲ, ಮೇಣದ ಬತ್ತಿ ಊದುವುದರ ಬಗ್ಗೆ ಇದೆ. ದೀಪ 'ಆರಿಸು' ಎನ್ನಲೂ ಮನಸ್ಸಾಗದೆ 'ದೊಡ್ಡದು ಮಾಡು' ಎನ್ನುವವರು ಅವರು. ಹುಟ್ಟಿದ ದಿನವೇ ಮಗುವಿನ ಬಾಯಿಂದ ದೀಪ ಊದಿಸುವುದನ್ನು ನೋಡಲಾರರು. ಅದಕ್ಕೇ ಎಷ್ಟೋ ಮನೆಗಳಲ್ಲಿ ರಾಜಿ ಆಗಿದೆ: ಮೊದಲು ಆಯಿಯ ಆರತಿ, ಸಜ್ಜಕ, ಆಮೇಲೆ ಕೇಕು. ಅಪ್ಪ ಅವ್ವ ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾರೆ. ಅವರು ಫೋನಿನ ಪರದೆಯಲ್ಲಿ ಬಂದು ನೋಡುತ್ತಾರೆ. ಗುಳೆ ಹೋದವರ ಮಕ್ಕಳನ್ನು ಸಾಕುವವಳು ಇಂದಿಗೂ ಆಯಿಯೇ.

ಮೊಮ್ಮಗುವಿನ ದಿನ ಈಗ ಕಾಗದದಲ್ಲಿ ಭದ್ರ. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. 2023ರ ತಿದ್ದುಪಡಿಯ ನಂತರ, ಅದೇ ಅಕ್ಟೋಬರ್ 1ರಿಂದಾಚೆ ಹುಟ್ಟಿದವರಿಗೆ ಶಾಲೆ ಸೇರಲು ಜನನ ಪತ್ರವೇ ಆಧಾರ. ಆಯಿಯ ಹುಟ್ಟಿದ ದಿನವೋ? ಅದನ್ನು ನೆನಪಿಟ್ಟಿದ್ದ ಅವಳ ಆಯಿ ಎಂದೋ ಹೋದಳು. ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕುವಾಗ ವಯಸ್ಸು ಕೇಳಿದರೆ ಅವಳು ತನ್ನ ಹಿರಿ ಮಗನ ವಯಸ್ಸು ಹೇಳಿ, ಮೇಲೆ ಹದಿನಾರು ಹದಿನೇಳು ಹಾಕಿಕೊಳ್ಳಿ ಎನ್ನುತ್ತಾಳೆ.

ಕಲಿತ ಮೊಮ್ಮಕ್ಕಳು ಮಾಡಬಹುದಾದ ಕೆಲಸವೊಂದಿದೆ. ರಜೆಯಲ್ಲಿ ಊರಿಗೆ ಬಂದಾಗ ನೋಟ್‌ಬುಕ್ ಹಿಡಿದು ಅವಳ ಹತ್ತಿರ ಕೂರುವುದು. ನಿನ್ನ ತಮ್ಮ ಹುಟ್ಟಿದಾಗ ನೀನು ಎಷ್ಟು ದೊಡ್ಡವಳಿದ್ದೆ, ಆಗ ಹೊಲದಲ್ಲಿ ಬಿಳಿಜೋಳ ತೆನೆ ಬಿಟ್ಟಿತ್ತೋ ಇಲ್ಲವೋ ಎಂದು ಕೇಳುತ್ತ ಹೋಗುವುದು. ತಾರೀಖು ಸಿಗದಿದ್ದರೂ ಹಂಗಾಮಂತೂ ಸಿಗುತ್ತದೆ. ಆ ಹಂಗಾಮಿನ ಒಂದು ಸೋಮವಾರ ಹಿಡಿದು ಅವಳಿಗೂ ಆರತಿ ಎತ್ತಬಹುದು. 'ಮುದುಕಿಗ್ಯಾತಕ್ಕ ಇದೆಲ್ಲ' ಎಂದು ಅವಳು ಗದರಿಸುತ್ತಾಳೆ. ಗದರಿಸುತ್ತಲೇ ಸೆರಗು ಸರಿಮಾಡಿಕೊಂಡು ಮಣೆಯ ಮೇಲೆ ಕೂರುತ್ತಾಳೆ.